ಒಳ್ಳೇ ದಿನಕ್ಕೆಂದು ಎತ್ತಿಟ್ಟ ಲೆನ್ಸು

ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನ ಹಿಂದಿನ ಓಣಿಯಲ್ಲಿ ರೇಷ್ಮೆ ಸೀರೆಗೆ ಪಾಲಿಶ್ ಹಾಕಿ, ಕುಚ್ಚು ಕಟ್ಟಿ, ರೋಲ್ ಮಾಡಿಕೊಡುವ ಪುಟ್ಟ ಅಂಗಡಿಯೊಂದಿದೆ. ಅಲ್ಲಿಗೆ ಸೀರೆ ತರುವವರು ಮೊದಲು ಅಲ್ಲಿ ಕೆಲಸಕ್ಕಿರುವ ಲತಾಮಣಿಯಿಂದ ಬೈಸಿಕೊಳ್ಳಬೇಕು, ಆಮೇಲೇ ರಸೀದಿ.

“ಇದನ್ನ ಯಾವಾಗ ಉಟ್ಟಿದ್ರಿ ಮೇಡಂ?”

“ನಮ್ಮ ತಂಗಿ ಮದುವೇಲಿ ಒಂದೇ ಒಂದ್ಸಲ. ಕಾಸ್ಟ್ಲಿ ಸೀರೆ ನೋಡಿ, ಅದಕ್ಕೇ ಹುಷಾರಾಗಿ ಎತ್ತಿಟ್ಟಿದ್ದೆ.”

“ಹುಷಾರಾಗಿ ಎತ್ತಿಟ್ಟು ಕೊಂದ್ಹಾಕಿದೀರ. ಬನ್ನಿ, ನೋಡಿ ಇಲ್ಲಿ.” ಲತಾಮಣಿ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದಳು. ಮಡಿಕೆ ಬಿದ್ದ ಕಡೆಯಲ್ಲೆಲ್ಲ ರೇಷ್ಮೆ ಸಣ್ಣಗೆ ಸೀಳಿರುತ್ತಿತ್ತು, ಜರಿ ಕಪ್ಪಿಟ್ಟಿರುತ್ತಿತ್ತು. “ಉಟ್ಟು ಹರಿದ್ರೆ ಒಂದು ಸಮಾಧಾನ. ಬೀರು ಒಳಗೇ ಹರಿದ್ರೆ ಯಾರಿಗೆ ಬಂತು ಭಾಗ್ಯ? ಆಗಾಗ ಹೊರಗೆ ತೆಗೀರಿ, ಮಡಿಕೆ ಬದಲಾಯ್ಸಿ, ಗಾಳೀಗೆ ಹಾಕಿ. ಸುಮ್ನೆ ನ್ಯಾಫ್ತಲೀನ್ ಗುಳಿಗೆ ತುಂಬಿ ಬೀಗ ಹಾಕಿದ್ರೆ ಅದು ಸೀರೆ ನೋಡ್ಕೊಂಡಂಗಾ?”

ಬೈಸಿಕೊಂಡವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಬೈಗುಳದ ಕಡೆ ಅವರ ಗಮನವೇ ಇರುತ್ತಿರಲಿಲ್ಲ ಅನ್ನಿ. ಅವರು ನೋಡುತ್ತಿದ್ದುದು ಅವಳ ಕನ್ನಡಕವನ್ನು.

ಆ ಕನ್ನಡಕವಾದರೂ ಎಂಥದ್ದು! ಎರಡು ಕಣ್ಣಿಗೂ ಮೈನಸ್ ಹದಿಮೂರು, ಅದರ ಮೇಲೆ ಸಿಲಿಂಡರ್ ಪವರ್ ಬೇರೆ. ಶಾಲೆಯಲ್ಲಿ ಸೋಡಾಬುಡ್ಡಿ ಎಂದು ಹೆಸರಿಟ್ಟಿದ್ದರು, ಮೇಷ್ಟರೂ ಹಾಗೇ ಕರೆಯುತ್ತಿದ್ದರು. ಆ ಗಾಜಿನ ಹಿಂದೆ ಅವಳ ಕಣ್ಣುಗಳು ಎರಡು ಕೊತ್ತಂಬರಿ ಬೀಜದಷ್ಟು ಕಿರಿದಾಗಿ ಕಾಣುತ್ತಿದ್ದವು. ಮದುವೆಗೆಂದು ಹೆಣ್ಣು ನೋಡಲು ಬಂದವರು ಕನ್ನಡಕವನ್ನೇ ನೋಡಿ, ಉಪ್ಪಿಟ್ಟು ತಿಂದು, ಕೈ ತೊಳೆದು ಹೋದರು. ಆಮೇಲೆ ಬರುವುದೂ ನಿಂತಿತು. ಅಲ್ಲ, ಬೇರೆಯವರ ಮಾತು ಬಿಡಿ, ಲತಾಮಣಿಗೇ ತನ್ನ ಕಣ್ಣು ಹೇಗಿವೆ ಎಂದು ಗೊತ್ತಿರಲಿಲ್ಲ. ಕನ್ನಡಕ ತೆಗೆದರೆ ಕನ್ನಡಿಯ ತುಂಬ ಮಂಜು, ಹಾಕಿಕೊಂಡರೆ ಅದೇ ಕೊತ್ತಂಬರಿ ಬೀಜ. ನಲವತ್ತು ದಾಟಿದ ಹೆಂಗಸಿಗೆ ತನ್ನ ಕಣ್ಣಿನ ಗುರುತೇ ಇಲ್ಲ ಅಂದರೆ ಅದೆಂಥ ಬಾಳು!

ಅವಳು ಇದ್ದದ್ದು ಸುದ್ದಗುಂಟೆಪಾಳ್ಯದಲ್ಲಿ, ಮುನಿಲಕ್ಷ್ಮಮ್ಮನ ಕಟ್ಟಡದ ತಾರಸಿಯ ಮೇಲಿನ ಶೀಟಿನ ಕೋಣೆಯಲ್ಲಿ. ಒಂದು ಕಾಲಕ್ಕೆ ಅಲ್ಲಿ ಮುನಿಲಕ್ಷ್ಮಮ್ಮನ ಮನೆಯವರ ರಾಗಿ ಹೊಲವಿತ್ತಂತೆ. ಈಗ ರಾಗಿಯ ಬದಲು ಬಾಡಿಗೆದಾರರು ಬೆಳೆದಿದ್ದರು. ಕೆಳಗಿನ ಮನೆಯಲ್ಲಿ ಮುನಿಲಕ್ಷ್ಮಮ್ಮ, ಅವಳ ಇಬ್ಬರು ಗಂಡುಮಕ್ಕಳು, ಸೊಸೆಯರು, ಮೊಮ್ಮಕ್ಕಳು, ಕುಕ್ಕರಿನ ಸೀಟಿ, ಟೀವಿ, ಜಗಳ, ನಗು. ಮೇಲೆ ಲತಾಮಣಿ ಒಬ್ಬಳೇ. ಮುನಿಲಕ್ಷ್ಮಮ್ಮನಿಗೆ ಮಂಡಿನೋವು, ಹಾಗಾಗಿ ಅವಳು ಮೆಟ್ಟಿಲು ಹತ್ತುತ್ತಿರಲಿಲ್ಲ, ಅವಳ ದನಿ ಮಾತ್ರ ಹತ್ತುತ್ತಿತ್ತು. “ಲತಾ! ಮೋಟ್ರು ಆಫ್ ಮಾಡೇ!” “ಲತಾ! ನಿನ್ ಬಟ್ಟೆ ನೀರು ನಮ್ಮ ಮೆಣಸಿನಕಾಯ್ ಮೇಲೆ ತೊಟ್ಟಿಕ್ತಾ ಐತೆ!” ದಿನಕ್ಕೆ ಅಷ್ಟು ಮಾತು ಕಿವಿಗೆ ಬಿದ್ದರೆ ಬಿತ್ತು. ಅದೂ ಬೀಳದ ದಿನಗಳಿದ್ದವು.

ಇಂಥವಳ ಬಾಳಿನಲ್ಲಿ ಕಾಂಟ್ಯಾಕ್ಟ್ ಲೆನ್ಸು ಬಂದದ್ದು ಪದ್ಮಶ್ರೀಯಿಂದ. ಪದ್ಮಶ್ರೀ ಅದೇ ಓಣಿಯ ತುದಿಯ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವ ಹುಡುಗಿ. ಅಮ್ಮನ ಸೀರೆ ತಂದು, ಎಲ್ಲರಂತೆ ಬೈಸಿಕೊಂಡು, ಹೊರಡುವಾಗ ಹೇಳಿದಳು: “ಅಕ್ಕಾ, ನಿಮ್ಮ ಪವರ್‌ಗೂ ಲೆನ್ಸ್ ಬರುತ್ತೆ. ಒಂದ್ಸಲ ಬಂದು ಟ್ರೈ ಮಾಡಿ. ಟ್ರಯಲ್‌ಗೆ ದುಡ್ಡಿಲ್ಲ.”

ಬಿಟ್ಟಿ ಅಂದ ಮೇಲೆ ಯಾಕೆ ಬೇಡ ಎಂದು ರಜೆಯ ದಿನ ಹೋದಳು. ಪದ್ಮಶ್ರೀ ಅವಳ ರೆಪ್ಪೆ ಹಿಡಿದು, ಒದ್ದೆ ಪೊರೆಯಂಥ ಒಂದನ್ನು ಕಣ್ಣಿಗೆ ಅಂಟಿಸಿ, ಇನ್ನೊಂದನ್ನೂ ಅಂಟಿಸಿ, ಕನ್ನಡಿ ಮುಂದೆ ಕೂರಿಸಿದಳು. ನೀರು ಸುರಿಯುವುದು ನಿಂತ ಮೇಲೆ ಲತಾಮಣಿ ನೋಡಿದಳು. ಕನ್ನಡಿಯೊಳಗೆ ಅವಳ ಅಮ್ಮ ಕೂತಿದ್ದಳು. ಅದೇ ಅಗಲವಾದ ಕಣ್ಣು, ಅದೇ ನೀಳ ರೆಪ್ಪೆ. ಅಮ್ಮ ಸತ್ತು ಎಷ್ಟೋ ವರ್ಷವಾಗಿತ್ತು, ಫೋಟೋ ಕೂಡ ಮಾಸಿಹೋಗಿತ್ತು. ಇಷ್ಟು ದಿನ ಆ ಕಣ್ಣುಗಳು ತನ್ನ ಮುಖದಲ್ಲೇ ಇದ್ದವೆಂದು ತಿಳಿದು ಅವಳಿಗೆ ಅಳು ತಡೆಯಲಾಗಲಿಲ್ಲ.

“ಅಳ್ಬೇಡಿ ಅಕ್ಕ, ಲೆನ್ಸ್ ಈಚೆ ಬಂದ್ಬಿಡುತ್ತೆ,” ಎಂದಳು ಪದ್ಮಶ್ರೀ.

ಅಭ್ಯಾಸಕ್ಕೆಂದು ಕೊಟ್ಟ ಆ ಟ್ರಯಲ್ ಜೋಡಿಯನ್ನು ಲತಾಮಣಿ ಒಂದು ತಿಂಗಳು ದಿನಾ ಹಾಕಿದಳು. ಸಂಜೆ ತೆಗೆದು, ಅಂಗೈಯಲ್ಲಿ ಸಲ್ಯೂಷನ್ ಹಾಕಿ ಉಜ್ಜಿ ತೊಳೆದಳು, ಲೆನ್ಸು ಇಡುವ ಡಬ್ಬಿಯ ಹಳೇ ಸಲ್ಯೂಷನ್ ಚೆಲ್ಲಿ ಹೊಸದು ತುಂಬಿದಳು. ಬೆಳಿಗ್ಗೆ ಡಬ್ಬಿ ತೊಳೆದು ಬೋರಲು ಹಾಕಿದಳು. ಹೇಳಿಕೊಟ್ಟಿದ್ದೂ ಹಾಗೇ, ಮಾಡಿದ್ದೂ ಹಾಗೇ. ಬಿಟ್ಟಿ ಬಂದದ್ದಕ್ಕೆ ಭಯವೇನು, ಭಕ್ತಿಯೇನು? ತಿಂಗಳು ಮುಗಿದಾಗ ತೆಗೆದು ಕಸದ ಬುಟ್ಟಿಗೆ ಹಾಕಿದಳು. ಕಣ್ಣಿಗೆ ಒಂದು ದಿನ ತುರಿಕೆ ಕೂಡ ಬರಲಿಲ್ಲ.

ಆ ತಿಂಗಳಲ್ಲಿ ಪಾಲಿಶ್ ಅಂಗಡಿಯ ಓನರ್ ಯುವರಾಜ್ ಒಮ್ಮೆ ಫೋನಿನಿಂದ ತಲೆಯೆತ್ತಿ, “ಅರೆ, ಕನ್ನಡಕ ಒಡೆದೋಯ್ತಾ ಅಕ್ಕ?” ಎಂದ. ಉತ್ತರಕ್ಕೆ ಕಾಯದೆ ಮತ್ತೆ ಫೋನಿಗೆ ಬಿದ್ದ. ಹಳೇ ಗಿರಾಕಿಯೊಬ್ಬಳು ಬಂದು, “ಆ ಕನ್ನಡಕದೋರು ಕೆಲಸ ಬಿಟ್ರಾ?” ಎಂದು ಅವಳನ್ನೇ ಕೇಳಿದಳು. ಲತಾಮಣಿಗೆ ನಗು ಬಂತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಯಾಕೋ ಆ ನಗು ಅಷ್ಟು ಚೆನ್ನಾಗಿರಲಿಲ್ಲ.

ಆಮೇಲೆ ಅವಳ ಪವರಿಗೆ ಅಂತಲೇ ಆರ್ಡರ್ ಕೊಟ್ಟು ಮಾಡಿಸಿದ, ಒಂದು ವರ್ಷ ಬಾಳುವ ಜೋಡಿ ಬಂತು. ಅದರ ಬೆಲೆ ಕೇಳಿ ಲತಾಮಣಿ ಕುರ್ಚಿಯಿಂದ ಎದ್ದುಬಿಟ್ಟಿದ್ದಳು. ಕನ್ನಡಕದಂಗಡಿಯ ಯಜಮಾನ ಮಾತಿನ ಮಲ್ಲ. “ಕೂತ್ಕೊಳ್ಳಿ ಮೇಡಂ. ನನ್ನ ಅನುಭವ ಹೇಳ್ತೀನಿ. ಕಮ್ಮಿ ರೇಟಿನ ಲೆನ್ಸ್ ಕೊಟ್ರೆ ಜನ ಕೇರೇ ಮಾಡಲ್ಲ, ಎಲ್ಲೆಂದ್ರಲ್ಲಿ ಬಿಸಾಕ್ತಾರೆ. ಕಾಸ್ಟ್ಲಿ ಕೊಡಿ, ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತಾರೆ. ನೀವೂ ಅಷ್ಟೇ, ನೋಡ್ತಿರಿ.” ಪದ್ಮಶ್ರೀ ಅವನ ಬೆನ್ನ ಹಿಂದೆ ಹಾಗಲ್ಲವೆಂಬಂತೆ ತಲೆಯಾಡಿಸಿದಳು. ಯಜಮಾನನ ಎದುರು ಯಾರು ಮಾತಾಡುತ್ತಾರೆ? ಲತಾಮಣಿ ಚೀಟಿ ಎತ್ತಿ ದುಡ್ಡು ಕಟ್ಟಿದಳು. ಹುಟ್ಟಿದಾಗಿನಿಂದ ಅವಳು ತನಗೆಂದು ಕೊಂಡ ದುಬಾರಿ ವಸ್ತು ಅದೊಂದೇ.

ಯಜಮಾನ ಹೇಳಿದ್ದು ಅರ್ಧ ನಿಜವಾಯಿತು. ಲತಾಮಣಿ ಅದನ್ನು ನೋಡಿಕೊಂಡ ಹಾಗೆ ಇನ್ನು ಯಾರೂ ಲೆನ್ಸನ್ನು ನೋಡಿಕೊಂಡಿರಲಾರರು. ಮನೆಗೆ ತಂದವಳೇ ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿದಳು. ಲೆನ್ಸಿದ್ದ ಪುಟ್ಟ ಸೀಸೆಯ ಸೀಲು ಒಡೆದು ಕಣ್ಣಿಗೆ ಹಾಕಿ, ಕನ್ನಡಿಯಲ್ಲಿ ಒಂದು ಗಳಿಗೆ ಅಮ್ಮನನ್ನು ನೋಡಿ, ಸವೆದೀತೆಂದು ತೆಗೆದು ಡಬ್ಬಿಗೆ ಹಾಕಿ, ಡಬ್ಬಿಯನ್ನು ದೇವರ ಗೂಡಿನಲ್ಲಿ ಇಟ್ಟಳು. ದಿನದ ಕೆಲಸಕ್ಕೆ ಹಳೇ ಕನ್ನಡಕವೇ ಸಾಕು, ಇದನ್ನು ಒಳ್ಳೇ ದಿನಕ್ಕೆ ಹಾಕೋಣ ಅಂದುಕೊಂಡಳು.

ಹಾಕದೇ ಇದ್ದರೂ ವಾರಕ್ಕೊಮ್ಮೆ ಸಲ್ಯೂಷನ್ ಪೂರ್ತಿ ಚೆಲ್ಲಿ ಹೊಸದು ತುಂಬಬೇಕು ಎಂದು ಪದ್ಮಶ್ರೀ ಹೇಳಿದ್ದಳು. ಬಳಸದ ಲೆನ್ಸು ಕೊಳೆಯಾಗುವುದು ಹೇಗೆ? ಸಲ್ಯೂಷನ್ನೂ ಏನು ಕಮ್ಮಿ ಬೆಲೆಯದಾ? ಲತಾಮಣಿ ಶುಕ್ರವಾರ ಶುಕ್ರವಾರ ತಲೆಗೆ ನೀರು ಹಾಕಿಕೊಂಡು, ಡಬ್ಬಿಯ ಮುಚ್ಚಳ ತೆಗೆದು, ದೀಪಕ್ಕೆ ಎಣ್ಣೆ ಎರೆದ ಹಾಗೆ ಮೇಲಿನಿಂದ ಎರಡು ಹನಿ ಬಿಟ್ಟು ಮುಚ್ಚುತ್ತಿದ್ದಳು. ಇಡೀ ಜಯನಗರದ ಹೆಂಗಸರಿಗೆ ಎತ್ತಿಡಬೇಡಿ, ಎತ್ತಿಟ್ಟು ಕೊಲ್ಲಬೇಡಿ ಎಂದು ಬುದ್ಧಿ ಹೇಳುವವಳು! ಅಂಗಡಿಯಲ್ಲಿ ಬೈದು ಬಂದದ್ದನ್ನೇ ಮನೆಯಲ್ಲಿ ಮಾಡುತ್ತಿದ್ದೇನೆ ಎಂಬುದು ಅವಳ ತಲೆಗೆ ಹೊಳೆಯಲೇ ಇಲ್ಲ.

ಒಳ್ಳೇ ದಿನ ಬರಬೇಕಲ್ಲ! ಯುಗಾದಿ ಬಂತು. ಡಬ್ಬಿ ಕೈಗೆ ತಗೊಂಡಳು. ಹಾಕಿಕೊಂಡು ಎಲ್ಲಿಗೆ ಹೋಗುವುದು? ಕೆಳಗಿನಿಂದ ಸೊಸೆಯೊಬ್ಬಳು ತಟ್ಟೆಯಲ್ಲಿ ಒಬ್ಬಟ್ಟು ತಂದು, ಮೆಟ್ಟಿಲ ಮೇಲೆ ಇಟ್ಟು, ಕೂಗಿ ಹೋದಳು. ಶೀಟಿನ ಕೆಳಗೆ ಗೋಡೆ ನೋಡಿಕೊಂಡು ಒಬ್ಬಟ್ಟು ತಿನ್ನಲು ಅಷ್ಟು ಬೆಲೆಯ ಲೆನ್ಸಾ ಎಂದು ಡಬ್ಬಿಯನ್ನು ತಿರುಗಿ ಗೂಡಿಗಿಟ್ಟಳು. ವರಮಹಾಲಕ್ಷ್ಮಿ ಹಬ್ಬದಲ್ಲಿ ಅಂಗಡಿಯಲ್ಲಿ ಉಸಿರಾಡಲೂ ಪುರಸೊತ್ತಿಲ್ಲ. ಗೌರಿ ಹಬ್ಬಕ್ಕೆ ತನ್ನ ತಮ್ಮ ಬಾಗಿನ ತರುತ್ತಾನೆಂದು ಕಾದಳು. ಅವನು ಫೋನಿನಲ್ಲಿ ದುಡ್ಡು ಕಳಿಸಿ ಕೈ ಮುಗಿದ ಚಿತ್ರ ಹಾಕಿದ. ದಸರಾ ಹೋಯಿತು, ದೀಪಾವಳಿಯೂ ಹೋಯಿತು. ಪ್ರತಿ ಸಲ ಡಬ್ಬಿ ಇಳಿಯಿತು, ಪ್ರತಿ ಸಲ ಹತ್ತಿತು. ನೋಡುವವರಿಲ್ಲದ ದಿನ ಒಳ್ಳೇ ದಿನ ಹೇಗಾದೀತು? ಲತಾಮಣಿಗೆ ಬೇಕಾಗಿದ್ದದ್ದು ಅಷ್ಟೇ. ತನ್ನವರು ಅನ್ನಿಸಿಕೊಂಡವರು ಒಂದೇ ಒಂದು ಸಲ ತನ್ನ ಕಣ್ಣು ನೋಡಬೇಕು, “ಅಯ್ಯೋ, ಅಮ್ಮನ ಕಣ್ಣು” ಅನ್ನಬೇಕು.

ಕಾರ್ತಿಕದಲ್ಲಿ ತಮ್ಮನ ಮನೆಯ ಗೃಹಪ್ರವೇಶದ ಕರೆ ಬಂತು. ತಮ್ಮ ಭೀಮೇಶ್ ಅಂಜನಾಪುರದಲ್ಲಿ ಮನೆ ಕಟ್ಟಿದ್ದ. ಅಮ್ಮ ಹೋದಾಗ ಭೀಮೇಶ್ ಇನ್ನೂ ಚಿಕ್ಕವನು. ಅವನ ತಲೆ ಬಾಚಿ, ಬುತ್ತಿ ಕಟ್ಟಿ, ಶಾಲೆಗೆ ಬಿಟ್ಟು ಬಂದವಳು ಲತಾಮಣಿ. ಆ ಕಣ್ಣುಗಳನ್ನು ಗುರುತು ಹಿಡಿಯಬಲ್ಲವನು ಇದ್ದರೆ ಅವನೊಬ್ಬನೇ. ಅವನ ಮದುವೆಯಾದ ಮೇಲೆ ಹೋಗಿ ಬರುವುದು ಕಮ್ಮಿಯಾಗಿತ್ತು. ಜಗಳವೇನಿಲ್ಲ. ಜಗಳವಾದರೂ ಆಗಿದ್ದರೆ ರಾಜಿಗಾದರೂ ಬರುತ್ತಿದ್ದರು. ಆಮಂತ್ರಣ ವಾಟ್ಸಾಪಿನಲ್ಲಿ ಬಂತು, ಕೆಳಗೆ “ಅಕ್ಕ ಬಾ” ಎಂದಿತ್ತು. ಎರಡೇ ಪದ. ಅಷ್ಟಕ್ಕೇ ಲತಾಮಣಿ ಒಳ್ಳೇ ದಿನ ಬಂತೆಂದು ತೀರ್ಮಾನಿಸಿದಳು.

ಗೃಹಪ್ರವೇಶದ ದಿನ ಬೆಳಿಗ್ಗೆ ಹಸಿರು ರೇಷ್ಮೆ ಉಟ್ಟಳು. ಡಬ್ಬಿ ತೆರೆದಳು. ಸಲ್ಯೂಷನ್ ಸ್ವಲ್ಪ ಲೋಳೆಯಾದ ಹಾಗಿತ್ತು. ಒಂದು ವರ್ಷ ಬಾಳುವ ಲೆನ್ಸು, ವರ್ಷ ಇನ್ನೂ ತುಂಬಿಲ್ಲ, ಅದಕ್ಕೇನಾಗುತ್ತದೆ? ದೇವರಿಗೆ ಕೈ ಮುಗಿದು ಎರಡೂ ಕಣ್ಣಿಗೆ ಹಾಕಿಕೊಂಡಳು. ಬಲಗಣ್ಣು ಚುರ್ರೆಂದಿತು. ಎಷ್ಟೋ ತಿಂಗಳ ಮೇಲೆ ಹಾಕಿದ್ದಲ್ಲ, ಹೊಂದಿಕೊಳ್ಳುತ್ತೆ ಅಂದುಕೊಂಡಳು. ಕನ್ನಡಕವನ್ನು ಬೇಕೆಂದೇ ಮನೆಯಲ್ಲಿ ಬಿಟ್ಟಳು. ಮೆಟ್ರೋದಲ್ಲಿ ಕೊನೆಯ ತನಕ ಹೋಗಿ, ಆಟೋ ಹಿಡಿದು ಅಂಜನಾಪುರಕ್ಕೆ ತಲುಪುವಷ್ಟರಲ್ಲಿ ಹೋಮ ಜೋರಾಗಿ ನಡೆಯುತ್ತಿತ್ತು.

ಬಾಗಿಲಲ್ಲಿ ಭೀಮೇಶನ ಹೆಂಡತಿ ಜ್ಯೋತ್ಸ್ನಾ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಿಂತಿದ್ದಳು. ಲತಾಮಣಿಗೆ ಪನ್ನೀರು ಚಿಮುಕಿಸಿ, “ಬನ್ನಿ ಬನ್ನಿ, ಊಟ ಮಾಡ್ಕೊಂಡೇ ಹೋಗ್ಬೇಕು,” ಎಂದಳು. ಹಿಂದಿನವರಿಗೂ ಅದೇ ನಗು, ಅದೇ ಮಾತು.

ಲತಾಮಣಿಗೆ ಒಳಗೊಳಗೇ ಖುಷಿಯಾಯಿತು. ಗುರುತು ಸಿಕ್ಕಿಲ್ಲ! ಸಿಗಲಿ, ಎಷ್ಟು ಹೊತ್ತಿಗೆ ಸಿಗುತ್ತೆ ನೋಡೋಣ ಎಂದು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂತಳು. ಆ ದಿನ ಅವಳಿಗೆ ಎಲ್ಲವೂ ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಹೊಸ ಗೋಡೆಯ ಮೇಲಿನ ಬ್ರಷ್ಷಿನ ಗೀರು, ಭೀಮೇಶನ ಕಿವಿಯ ಪಕ್ಕದ ಬಿಳಿ ಕೂದಲು, ಎಲ್ಲ. ಭೀಮೇಶ್ ಪಂಚೆ ಎತ್ತಿಕಟ್ಟಿ, ಫೋನು ಕಿವಿಗೆ ಹಿಡಿದು ಅವಳ ಮುಂದೆಯೇ ಹಾದುಹೋದ. “ಎಲ್ರೂ ಊಟಕ್ಕೆ ಏಳಿ, ಮೊದಲನೇ ಪಂಕ್ತಿ,” ಎಂದು ಕುರ್ಚಿಗಳ ಸಾಲಿಗೆ ಹೇಳಿದ. ಆ ಸಾಲಿನಲ್ಲಿ ಅವಳೂ ಇದ್ದಳು.

ಆಟ ಉದ್ದವಾಯಿತು. ಬಲಗಣ್ಣು ಉರಿಯತೊಡಗಿತು. ಲೆನ್ಸು ತೆಗೆಯೋಣವೆಂದರೆ ಕನ್ನಡಕವಿಲ್ಲ, ತೆಗೆದರೆ ಕುರುಡಿಯ ಹಾಗೆ ಗೋಡೆ ತಡವಬೇಕು. ಒಳಗೆ ಫೋಟೋದವನು “ಮನೆಯವರು ಮಾತ್ರ ಬನ್ನಿ” ಎಂದು ಕೂಗಿದ. ಲತಾಮಣಿ ಕುರ್ಚಿಯಿಂದ ಅರ್ಧ ಎದ್ದಳು. ಯಾರೋ ಜ್ಯೋತ್ಸ್ನಾಳನ್ನು ಕೇಳಿದರು: “ನಿಮ್ಮನೆಯವರ ಅಕ್ಕ ಬಂದಿಲ್ವಾ?”

“ಇಲ್ಲ ಕಣ್ರೀ. ಅವರು ಎಲ್ಲಿ ಬರ್ತಾರೆ? ಕರೆಯೋದು ನಮ್ಮ ಕರ್ತವ್ಯ, ಕರೆದಿದೀವಿ. ನಡೀರಿ, ಹೊಗೆ ಜಾಸ್ತಿಯಾಗ್ತಿದೆ.”

ಫೋಟೋ ಆಯಿತು. ಲತಾಮಣಿ ಅರ್ಧ ಎದ್ದವಳು ಮತ್ತೆ ಕೂತಳು. ಆಟ ಮುಗಿಸಿ “ನಾನು ಕಣ್ರೋ” ಅನ್ನಲು ಅವಳಿಗೆ ಬಾಯಿ ಬರಲಿಲ್ಲ. ಅಂದರೆ ಅದು ಭಿಕ್ಷೆ ಕೇಳಿದ ಹಾಗೆ ಆಗುತ್ತಿತ್ತು.

ಊಟದ ಪಂಕ್ತಿಯಲ್ಲಿ ಭೀಮೇಶನ ಮಗಳು ಅರ್ಪಿತ ಪಾಯಸ ಬಡಿಸುತ್ತಾ ಬಂದಳು. “ಸಾಕು ಕಂದ,” ಎಂದಳು ಲತಾಮಣಿ. ದನಿ ಕೇಳಿ ಹುಡುಗಿಯ ಕೈಯಲ್ಲಿ ಸೌಟು ನಿಂತಿತು.

“ಅತ್ತೆ! ನೀನಾ? ಕನ್ನಡಕ ಎಲ್ಲಿ?”

ಆಗ ಎಲ್ಲರೂ ಸೇರಿದರು. “ಅಯ್ಯೋ, ನೀವಾ? ಗೊತ್ತೇ ಆಗ್ಲಿಲ್ಲ!” ಎಂದು ಜ್ಯೋತ್ಸ್ನಾ ಕೆನ್ನೆ ಮೇಲೆ ಕೈಯಿಟ್ಟಳು. “ಕನ್ನಡಕ ಇದ್ರೇನೇ ಅಕ್ಕ ಅಕ್ಕನ ಥರ ಇರೋದು,” ಎಂದು ಭೀಮೇಶ್ ನಕ್ಕ. ಎಲ್ಲರೂ ನಕ್ಕರು. ನಕ್ಕು, ಸಾಂಬಾರು ತಣ್ಣಗಾಗುತ್ತದೆಂದು ಅವರವರ ಕೆಲಸಕ್ಕೆ ಹೋದರು. ಅಮ್ಮನ ಕಣ್ಣು ಎಂದು ಯಾರೂ ಅನ್ನಲಿಲ್ಲ. ಅರ್ಪಿತ ಮಾತ್ರ ಬಗ್ಗಿ, “ಅತ್ತೆ, ಒಂದು ಕಣ್ಣು ಕೆಂಪಗಿದೆ,” ಎಂದಳು.

“ಹೋಮದ ಹೊಗೆ ಕಣೇ,” ಎಂದಳು ಲತಾಮಣಿ. ಎಲ್ಲರ ಕಣ್ಣೂ ಕೆಂಪಗೇ ಇದ್ದವು. ಆ ದಿನ ಅತ್ತರೂ ಗೊತ್ತಾಗುತ್ತಿರಲಿಲ್ಲ.

ಮನೆಗೆ ಬಂದು ಲೆನ್ಸು ತೆಗೆದಳು. ಬಲಗಣ್ಣಿನದು ಕಿತ್ತು ಬಂದ ಹಾಗೆ ಬಂತು. ಎರಡನ್ನೂ ಅದೇ ಡಬ್ಬಿಯ ಅದೇ ನೀರಿಗೆ ಹಾಕಿ, ಎರಡು ಹನಿ ಹೊಸದು ಬಿಟ್ಟು, ಗೂಡಿನಲ್ಲಿಟ್ಟಳು. ಇನ್ನೊಂದು ಒಳ್ಳೇ ದಿನಕ್ಕೆ!

ಮಾರನೇ ದಿನ ಕಣ್ಣು ತೆರೆಯಲಾಗದಷ್ಟು ಊದಿತ್ತು. ಅದರಲ್ಲೇ ಕೆಲಸಕ್ಕೆ ಹೋದಳು. ಯುವರಾಜ್ ದೂರದಿಂದಲೇ ಕೈ ಅಡ್ಡ ಹಿಡಿದ. “ಅಲ್ಲೇ ನಿಂತ್ಕೊಳ್ಳಿ ಅಕ್ಕ! ಮದ್ರಾಸ್ ಐ. ನನ್ನ ಕಡೆ ನೋಡ್ಬೇಡಿ. ಮನೆಗೆ ಹೋಗಿ, ಕಮ್ಮಿ ಆದ್ಮೇಲೆ ಬನ್ನಿ.” ಕಣ್ಣು ಕೆಂಪಾದರೆ ಮದ್ರಾಸ್ ಐ, ಮದ್ರಾಸ್ ಐ ಆದವರ ಕಣ್ಣು ನೋಡಿದರೆ ನಮಗೂ ಬರುತ್ತೆ, ಇದು ಬೆಂಗಳೂರಿನಲ್ಲಿ ಮಕ್ಕಳಿಗೂ ಗೊತ್ತಿರುವ ಶಾಸ್ತ್ರ. ಬಸ್ಸಿನಲ್ಲಿ ಪಕ್ಕದ ಹೆಂಗಸು ಎದ್ದು ಹೋಗಿ ನಿಂತುಕೊಂಡಳು. ಮೆಡಿಕಲ್ ಶಾಪಿನವನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಡ್ರಾಪ್ಸ್ ಕೊಟ್ಟ. ಪದ್ಮಶ್ರೀಯ ಅಂಗಡಿ ಅದೇ ಓಣಿಯಲ್ಲಿತ್ತು. ಮದ್ರಾಸ್ ಐ ಹೊತ್ತುಕೊಂಡು ಅಲ್ಲಿಗೆ ಹೋಗಿ ಹುಡುಗಿಗೂ ಅಂಟಿಸುವುದೇ ಎಂದು ಲತಾಮಣಿ ಹೋಗಲಿಲ್ಲ. ಅರ್ಪಿತ ಫೋಟೋ ತೋರಿಸಲೆಂದು ವಿಡಿಯೋ ಕಾಲ್ ಮಾಡಿದವಳು, ಕಿರುಚಿದಳು: “ಅಯ್ಯೋ ಅತ್ತೆ, ಕ್ಯಾಮೆರಾ ಆಫ್ ಮಾಡು, ನಂಗೂ ಬರುತ್ತೆ!” ತಮಾಷೆಗೇ ಅಂದದ್ದು. ಆದರೂ ಲತಾಮಣಿ ಆಫ್ ಮಾಡಿದಳು.

ಒಬ್ಬಳು ತನ್ನ ಕಣ್ಣು ಯಾರಾದರೂ ನೋಡಲಿ ಎಂದು ವರ್ಷವಿಡೀ ಕಾದಳು. ಈಗ ಇಡೀ ಊರು ಆ ಕಣ್ಣಿನಿಂದ ಮುಖ ತಿರುಗಿಸಿತ್ತು. ಅವಳಿಗೂ ನೋಡಿಕೊಳ್ಳಲಾಗುತ್ತಿರಲಿಲ್ಲ, ಕನ್ನಡಕದ ಹಿಂದೆ ಕಣ್ಣು ಮತ್ತೆ ಕೊತ್ತಂಬರಿ ಬೀಜವಾಗಿತ್ತು. ಬೆಳಕು ಕಂಡರೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಕಿಟಕಿಗೆ ಹಳೇ ಸೀರೆ ಕಟ್ಟಿ, ಗೋಡೆ ಕಡೆ ತಿರುಗಿ ಮಲಗಿದಳು. ಮದ್ರಾಸ್ ಐ ತಾನಾಗೇ ಹೋಗುತ್ತೆ ಎಂದು ಎಲ್ಲರೂ ಹೇಳಿದ್ದರು. ಅದು ಹೋಗುವುದನ್ನೇ ಕಾಯುತ್ತಾ ದಿನ ಕಳೆದಳು.

“ಲತಾ! ಬಟ್ಟೆ ತೆಗೀದೆ ಎಷ್ಟು ದಿನ ಆಯ್ತೇ? ತಂತಿ ಏನು ನಿಮ್ಮಪ್ಪಂದಾ?” ಕೆಳಗಿನಿಂದ ಮುನಿಲಕ್ಷ್ಮಮ್ಮನ ದನಿ ಹತ್ತಿ ಬಂತು. ಉತ್ತರ ಕೊಡಲು ಅವಳಿಗೆ ಚೈತನ್ಯವಿರಲಿಲ್ಲ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಉಸ್ಸಪ್ಪಾ, ಅಯ್ಯಪ್ಪಾ ಎಂಬ ಸದ್ದು ಕೇಳಿತು. ಮುನಿಲಕ್ಷ್ಮಮ್ಮ ಎಷ್ಟೋ ವರ್ಷದ ಮೇಲೆ ತನ್ನ ತಾರಸಿಯನ್ನು ತಾನೇ ಹತ್ತಿ ಬರುತ್ತಿದ್ದಳು, ಜಗಳ ಮಾಡಲು.

“ಕೂಗಿದ್ರೆ ಮಾತಾಡಕ್ಕೆ ಏನೇ ರೋಗ ನಿಂಗೆ?”

“ಬರ್ಬೇಡಿ ಅಮ್ಮ. ಮದ್ರಾಸ್ ಐ. ನೋಡಿದ್ರೆ ನಿಮಗೂ ಬರುತ್ತೆ.”

“ನಂಗೇನೇ ಬರೋದು? ಎಲ್ಡೂ ಕಣ್ಗೂ ಆಪ್ರೇಷನ್ ಆಗೈತೆ. ಕ್ಯಾಂಪ್ನಲ್ಲಿ ಬಿಟ್ಟಿಯಾಗಿ ಲೆನ್ಸ್ ಹಾಕವ್ರೆ ಒಳಗಡೆ. ಯಾವ ಐ ಬಂದ್ರೂ ಅಂಟಲ್ಲ. ತಿರುಕ್ಕೋ ಈ ಕಡೆ.” ಮುನಿಲಕ್ಷ್ಮಮ್ಮ ಕಿಟಕಿಯ ಸೀರೆ ಕಿತ್ತೆಸೆದಳು. ಮಂಚದ ಅಂಚಿಗೆ ಕೂತು, ಲತಾಮಣಿಯ ಕನ್ನಡಕ ತೆಗೆದು, ಗದ್ದ ಹಿಡಿದು ಮುಖವನ್ನು ಬೆಳಕಿಗೆ ಎತ್ತಿದಳು. ಹೆಬ್ಬೆರಳಿನಿಂದ ರೆಪ್ಪೆ ಬಿಡಿಸಿದಳು. ನೋಡಿದಳು. ನೋಡುತ್ತಲೇ ಇದ್ದಳು. ಅವಳ ಉಸಿರಿನಲ್ಲಿ ಎಲೆಅಡಿಕೆಯ ವಾಸನೆ ಇತ್ತು. ಲತಾಮಣಿಗೆ ಅವಳ ಮುಖ ಮಂಜಿನೊಳಗಿನ ಒಂದು ಕಂದು ಬಣ್ಣವಾಗಿ ಮಾತ್ರ ಕಂಡಿತು. ಅಷ್ಟು ಹತ್ತಿರ ಯಾರಾದರೂ ಬಂದು ಎಷ್ಟು ಕಾಲವಾಗಿತ್ತೋ. ನೋವಿನ ನಡುವೆಯೂ, ಈ ಕೈ ಗದ್ದ ಬಿಡದಿದ್ದರೆ ಸಾಕು ಅನ್ನಿಸಿತು.

ಮುನಿಲಕ್ಷ್ಮಮ್ಮನ ದನಿ ಇಳಿದಿತ್ತು. “ಮದ್ರಾಸ್ ಐ ಅಲ್ಲ ಕಣೇ ಮಗಳೇ ಇದು. ಕಣ್ಣಲ್ಲಿ ಹೂ ಬೀಳ್ತಾ ಐತೆ. ಕರಿಗುಡ್ಡೆ ಮೇಲೆ ಬೆಳ್ಳಗೆ ಕೂತೈತೆ. ನಮ್ಮ ಸೀಮೆ ಹಸೂಗೆ ಹಿಂಗೇ ಬಂದು ಆ ಕಣ್ಣೇ ಹೋಯ್ತು. ಏಳು, ಎದ್ದೇಳು. ಲೋ! ಯಾರಾದ್ರೂ ಆಟೋ ಕರೀರೋ!”

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಲೆನ್ಸಿನ ಡಬ್ಬಿ ತರಿಸಿ ನೋಡಿದರು. ಮುಚ್ಚಳಕ್ಕೆ ಕುಂಕುಮ ಹತ್ತಿತ್ತು. ಒಳಗೆ ನೀರು ಪಾಚಿಯ ಹಾಗೆ ಲೋಳೆಗಟ್ಟಿತ್ತು.

“ಇಷ್ಟು ಕಾಸ್ಟ್ಲಿ ಲೆನ್ಸ್ ತಗೊಂಡು ಕೇರೇ ಮಾಡಿಲ್ವಲ್ಲ ನೀವು?”

“ಮಾಡಿದೀನಿ ಮೇಡಂ,” ಎಂದಳು ಲತಾಮಣಿ. ಅವಳಿಗೆ ನಿಜವಾಗಿ ನೋವಾಗಿತ್ತು. “ತುಂಬಾ ಕೇರ್ ಮಾಡಿದೀನಿ. ಟ್ರಯಲ್‌ದನ್ನ ದಿನಾ ಹಾಕಿ ದಿನಾ ತೊಳೀತಿದ್ದೆ, ಬಿಸಾಕಿದೆ. ಇದನ್ನ ಹಾಕೇ ಇಲ್ಲ. ಒಂದೇ ಒಂದಿನ ಹಾಕಿದ್ದು. ದೇವರ ಗೂಡಲ್ಲಿ ಇಟ್ಟಿದ್ದೆ.” ಇಷ್ಟು ಹೇಳುವಷ್ಟರಲ್ಲಿ ಅವಳಿಗೆ ಅಂಗಡಿಯಲ್ಲಿ ಬೆಳಕಿಗೆ ಹಿಡಿದ ಸೀರೆಗಳೆಲ್ಲ ನೆನಪಾದವು. ಹುಷಾರಾಗಿ ಎತ್ತಿಟ್ಟಿದ್ದೆ ಎಂದು ಎಷ್ಟು ಹೆಂಗಸರು ಇದೇ ದನಿಯಲ್ಲಿ ಹೇಳಿರಲಿಲ್ಲ!

“ಕೆಂಪಾಗಿ ಇಷ್ಟು ದಿನ ಆಗಿದೆ. ಯಾರೂ ನೋಡ್ಲಿಲ್ವಾ?” ಡಾಕ್ಟರಮ್ಮ ಕೇಳಿದರು.

ಹಿಂದೆ ಸ್ಟೂಲಿನ ಮೇಲೆ ಮಂಡಿ ನೀವಿಕೊಳ್ಳುತ್ತಿದ್ದ ಮುನಿಲಕ್ಷ್ಮಮ್ಮ ಗದರಿದಳು: “ಯಾಕೆ ನೋಡಿಲ್ಲ? ನಾನು ನೋಡ್ದೆ. ಅದಕ್ಕೇ ಕರ್ಕೊಂಡು ಬಂದಿರೋದು. ಔಷ್ದಿ ಏನು ಹೇಳ್ರಿ.”

ಔಷಧಿ ಗಂಟೆಗೊಮ್ಮೆ ಕಣ್ಣಿಗೆ ಬಿಡಬೇಕಿತ್ತು, ಹಗಲು ರಾತ್ರಿ ಎನ್ನದೆ. ಮುನಿಲಕ್ಷ್ಮಮ್ಮ ಅವಳನ್ನು ಮೇಲೆ ಹೋಗಲು ಬಿಡದೆ ತನ್ನ ಹಾಲಿನಲ್ಲೇ ಚಾಪೆ ಹಾಸಿದಳು. ಮಗನ ಫೋನಿನಲ್ಲಿ ಅಲಾರಂ ಇಡಿಸಿ, ಅದು ಕೂಗಿದಾಗಲೆಲ್ಲ ಬೈದುಕೊಂಡೇ ಎದ್ದು ಬಂದು, ಗದ್ದ ಹಿಡಿದು ಹನಿ ಬಿಟ್ಟಳು. ಸುತ್ತ ಮಕ್ಕಳು, ಕುಕ್ಕರು, ಟೀವಿ. ಕಣ್ಣು ಮುಚ್ಚಿ ಮಲಗಿದ್ದರೂ ಲತಾಮಣಿಗೆ ಅಂಥ ತುಂಬಿದ ದಿನಗಳು ಹಿಂದೆಂದೂ ಬಂದಿರಲಿಲ್ಲ. ಭೀಮೇಶ್ ಆಸ್ಪತ್ರೆ ಖರ್ಚಿಗೆಂದು ದುಡ್ಡು ಕಳಿಸಿದ, ಕೈ ಮುಗಿದ ಚಿತ್ರವನ್ನೂ ಹಾಕಿದ.

ಹುಣ್ಣು ಮಾಯಿತು, ಕಲೆ ಉಳಿಯಿತು. ಬಲಗಣ್ಣಿಗೆ ಇನ್ನು ಕನ್ನಡಕ ಹಾಕಿದರೂ ಮಂಜೇ. ಲತಾಮಣಿ ಮೇಲಿನ ಶೀಟಿನ ಕೋಣೆಗೆ ಹಿಂತಿರುಗಿದಳು. ಒಂದೇ ಕಣ್ಣಿನಲ್ಲಿ ಸೀರೆ ಕುಚ್ಚು ಕಟ್ಟುವುದನ್ನು ಮತ್ತೆ ಕಲಿತಳು. ಅಂಗಡಿಯಲ್ಲಿ ಗಿರಾಕಿಗಳಿಗೆ ಬೈಯುವುದು ಕಮ್ಮಿಯಾಯಿತು, ಸೀಳಿದ ಮಡಿಕೆಯನ್ನು ಸುಮ್ಮನೆ ಬೆರಳಲ್ಲಿ ಸವರಿ ರಸೀದಿ ಬರೆಯುತ್ತಿದ್ದಳು. ಮುನಿಲಕ್ಷ್ಮಮ್ಮನ ದನಿ ಮೊದಲಿನಂತೆ ಕೆಳಗಿನಿಂದ ಹತ್ತುತ್ತಿತ್ತು. ಕೋಣೆಯಲ್ಲಿ ಮೊದಲಿನಂತೆ ಯಾರೂ ಇರಲಿಲ್ಲ. ಮೊದಲು ಅದು ಅಭ್ಯಾಸವಾಗಿತ್ತು. ಕೆಳಗಿನ ಮನೆಯ ಹಾಲಿನಲ್ಲಿ ಮಲಗಿ ಎದ್ದು ಬಂದ ಮೇಲೆ ಅದು ತಡೆಯಲಾಗದ ಹಾಗಾಯಿತು.

ಡಾಕ್ಟರಮ್ಮ ಕೊನೆಗೆ ಕೊಟ್ಟದ್ದು ಕಣ್ಣು ಒಣಗದಿರಲು ಬಿಡುವ ಒಂದು ಸಾಧಾರಣ ಡ್ರಾಪ್ಸ್. ಎರಡು ಮಸಾಲೆ ದೋಸೆಗಿಂತ ಕಮ್ಮಿ ಬೆಲೆ. ಅವಳ ಮನೆಯಲ್ಲಿ ಅದಕ್ಕಿಂತ ಅಗ್ಗದ ವಸ್ತು ಹುಡುಕಿದರೂ ಸಿಗದು. ಆದರೆ ಲತಾಮಣಿ ಅದರ ಮೇಲೆ ತೆರೆದ ತಾರೀಖು ಬರೆದು ಅಂಟಿಸುತ್ತಾಳೆ. ಸೀಸೆಯ ಬಾಯಿಗೆ ಬೆರಳು ಸೋಕಿಸುವುದಿಲ್ಲ. ತಿಂಗಳಾದರೆ ಅರ್ಧ ಉಳಿದಿದ್ದರೂ ಬಿಸಾಡಿ ಹೊಸದು ತರುತ್ತಾಳೆ. ಒಂದು ಹೊತ್ತೂ ತಪ್ಪಿಸುವುದಿಲ್ಲ. ಕೆಲಸಕ್ಕೆ ಹೊರಡುವ ಮುಂಚೆ ಸೀಸೆ ಹಿಡಿದು ಮೆಟ್ಟಿಲಿಳಿದು, ಮುನಿಲಕ್ಷ್ಮಮ್ಮನ ಬಾಗಿಲಲ್ಲಿ ನಿಲ್ಲುತ್ತಾಳೆ.

“ಅಮ್ಮ, ಒಂಚೂರು ಬಿಡ್ತೀರಾ? ನಂಗೆ ಕೈ ನಡುಗುತ್ತೆ.”

ಮುನಿಲಕ್ಷ್ಮಮ್ಮ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿರುತ್ತಾಳೆ. ಅವಳ ಸೊಸೆಯ ಸೀರೆಗೆ ಲತಾಮಣಿ ಹೋದ ವಾರವಷ್ಟೇ ಕುಚ್ಚು ಕಟ್ಟಿಕೊಟ್ಟಿದ್ದಳು. ಸಾಸಿವೆಯಷ್ಟು ಸಣ್ಣ ಗಂಟುಗಳು, ಒಂದೂ ಅತ್ತಿತ್ತ ಹೋಗಿರಲಿಲ್ಲ. ಮುನಿಲಕ್ಷ್ಮಮ್ಮ ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದ್ದಳು.

“ಬಾ, ಕೂತ್ಕೋ,” ಎನ್ನುತ್ತಾಳೆ, ಕೈ ಒರೆಸಿಕೊಂಡು. ಕನ್ನಡಕ ತೆಗೆದು ತನ್ನ ಮಡಿಲಿಗೆ ಹಾಕಿಕೊಂಡು, ಗದ್ದ ಹಿಡಿದು ಮುಖ ಎತ್ತುತ್ತಾಳೆ. “ಮುಚ್ಬೇಡ ಕಣೇ. ವಸಿ ತಡಿ, ನೋಡ್ಬೇಕು ನಾನು.”